ಓಟು ಇತ್ತು, ಆಯ್ಕೆ ಇರಲಿಲ್ಲ: ಸಾಂತಾ ಕ್ಲಾರಾ ನಗರದ ಒಂದು ಕಥೆ

2017ರ ಫೆಬ್ರವರಿಯಲ್ಲಿ ಪುಣೆ ಮಹಾನಗರ ಪಾಲಿಕೆಯ ಚುನಾವಣೆಗೆ ನಾನು ಮೊದಲ ಸಲ ಈ ಊರಿನ ಮತದಾರಳಾಗಿ ಸಾಲಿನಲ್ಲಿ ನಿಂತಿದ್ದೆ. ಒಳಗೆ ಹೋದ ಮೇಲೆ ಗೊತ್ತಾಯಿತು, ಒಂದಲ್ಲ, ನಾಲ್ಕು ಓಟು ಹಾಕಬೇಕು. ನಮ್ಮ ಪ್ರಭಾಗಕ್ಕೆ ನಾಲ್ವರು ಸದಸ್ಯರು. ಅ, ಬ, ಕ, ಡ ಎಂದು ನಾಲ್ಕು ಜಾಗ, ಪ್ರತಿಯೊಂದಕ್ಕೂ ಬೇರೆ ಬೇರೆ ಅಭ್ಯರ್ಥಿಗಳು. ನನ್ನ ಮುಂದಿದ್ದ ಅಜ್ಜಿ ಒಂದು ಬಟನ್ ಒತ್ತಿ ಹೊರಟೇಬಿಟ್ಟಿದ್ದರು, ಮತಗಟ್ಟೆಯವರು ಕರೆದು ವಾಪಸ್ ನಿಲ್ಲಿಸಿದರು. ಆಗ ನಕ್ಕು ಸುಮ್ಮನಾಗಿದ್ದೆ. ಓಟು ಎಷ್ಟು ಎಂಬುದಕ್ಕಿಂತ ಅದನ್ನು ಹೇಗೆ ಎಣಿಸುತ್ತಾರೆ ಎಂಬುದು ದೊಡ್ಡ ವಿಷಯ ಅಂತ ಹೊಳೆದದ್ದು ಮರುವರ್ಷ, ಅದೂ ಅಮೆರಿಕದಲ್ಲಿ.

2018ರಲ್ಲಿ ಪ್ರಾಜೆಕ್ಟ್ ಕೆಲಸದ ಮೇಲೆ ಎಂಟು ತಿಂಗಳು ಕ್ಯಾಲಿಫೋರ್ನಿಯಾದ ಸಾಂತಾ ಕ್ಲಾರಾದಲ್ಲಿದ್ದೆ. ಇಂಟೆಲ್ ಕಂಪನಿಯ ಮುಖ್ಯ ಕಚೇರಿ ಇರುವ ಊರು. ಎಲ್ ಕಮಿನೊ ರಿಯಲ್ ರಸ್ತೆಯ ಉದ್ದಕ್ಕೂ ನಮ್ಮವರ ದಿನಸಿ ಅಂಗಡಿ, ದೋಸೆ ಹೋಟೆಲ್, ಅವುಗಳ ಪಕ್ಕದಲ್ಲೇ ಕೊರಿಯನ್ ಬೋರ್ಡುಗಳು. ನಾನು ಬಾಡಿಗೆಗಿದ್ದ ಕಟ್ಟಡದಲ್ಲಿ ಧಾರವಾಡ ಕಡೆಯ ಒಬ್ಬ ಅಕ್ಕ ಇದ್ದರು. ಅಮೆರಿಕದ ಪೌರತ್ವ ಪಡೆದು ಬಹಳ ವರ್ಷವಾಗಿತ್ತು. ಅಕ್ಟೋಬರ್‌ನಲ್ಲಿ ಒಂದು ಸಂಜೆ ಚಹಾ ಕುಡಿಯುವಾಗ ಅವರು ಹೇಳಿದ್ದು ಇದು: "ಇಷ್ಟು ವರ್ಷ ಓಟು ಹಾಕೇನಿ ನೋಡವಾ, ಸಿಟಿ ಕೌನ್ಸಿಲ್‌ದಾಗ ಯಾರ್ಯಾರು ಅದಾರ ಅಂತ ಕೇಳಿದ್ರ ಒಂದ ಹೆಸರೂ ಹೇಳಾಕ ಬರ್ತಿರಲಿಲ್ಲ. ಈ ಸಲ ಮಂದಿ ಮನೀಗೆ ಬಂದು ಬಾಗಿಲಾ ಬಡಿದ್ರು."

ಬಾಗಿಲು ಬಡಿಯುವಂತೆ ಮಾಡಿದ್ದು ಒಂದು ಕೋರ್ಟ್ ತೀರ್ಪು. ತೀರ್ಪಿಗೆ ಆಧಾರವಾದದ್ದು ಕ್ಯಾಲಿಫೋರ್ನಿಯಾ ರಾಜ್ಯದ ಒಂದು ಕಾನೂನು. ವೇದಿಕೆಯ ಸಂಚಿಕೆಗೆ ಇತಿಹಾಸದ ಬಗ್ಗೆ ಬರೆಯಿರಿ ಎಂದಾಗ ನನಗೆ ನೆನಪಾದದ್ದು ಅದೇ.

ಸಾಂತಾ ಕ್ಲಾರಾದ ನಗರ ಸಭೆಯಲ್ಲಿ ಮೇಯರ್ ಬಿಟ್ಟರೆ ಆರು ಸದಸ್ಯರು. 1951ರಲ್ಲಿ ಜಾರಿಗೆ ಬಂದ ನಗರದ ಸನ್ನದಿನ ಪ್ರಕಾರ ಆರೂ ಜನರನ್ನು ಇಡೀ ನಗರವೇ ಆರಿಸಬೇಕಿತ್ತು. ವಾರ್ಡುಗಳಿಲ್ಲ. ಇದಕ್ಕೆ ಅಲ್ಲಿ ಅಟ್-ಲಾರ್ಜ್ ಪದ್ಧತಿ ಎನ್ನುತ್ತಾರೆ. ಜೊತೆಗೆ ಪ್ರತಿ ಕುರ್ಚಿಗೂ ಒಂದು ಸಂಖ್ಯೆ. ಅಭ್ಯರ್ಥಿ ಯಾವ ಸಂಖ್ಯೆಯ ಕುರ್ಚಿಗೆ ನಿಲ್ಲುತ್ತೇನೆ ಎಂದು ಮೊದಲೇ ಹೇಳಬೇಕು. ಕೇಳಲು ನಿರುಪದ್ರವಿ ವ್ಯವಸ್ಥೆ. ಆದರೆ ಲೆಕ್ಕ ಹಾಕಿ ನೋಡಿ. ನೂರು ಮತದಾರರಿರುವ ಊರಿನಲ್ಲಿ ಎಪ್ಪತ್ತು ಜನ ಒಂದು ರೀತಿ, ಮೂವತ್ತು ಜನ ಇನ್ನೊಂದು ರೀತಿ ಓಟು ಹಾಕುತ್ತಾರೆ ಎಂದಿಟ್ಟುಕೊಳ್ಳಿ. ಮೊದಲ ಕುರ್ಚಿಗೆ 70-30. ಎರಡನೆಯದಕ್ಕೂ 70-30. ಆರು ಸಲವೂ ಅದೇ. ಮೂವತ್ತು ಜನಕ್ಕೆ ಆರರಲ್ಲಿ ಸುಮಾರು ಎರಡು ಕುರ್ಚಿ ಸಿಗಬಹುದಿತ್ತು ಎಂದು ನಮ್ಮ ಮನಸ್ಸಿನ ನ್ಯಾಯ ಹೇಳುತ್ತದೆ, ಸಿಗುವುದು ಸೊನ್ನೆ. ಯಾರ ಓಟನ್ನೂ ಯಾರೂ ಕಿತ್ತುಕೊಂಡಿಲ್ಲ, ಯಾರನ್ನೂ ಮತಗಟ್ಟೆಯಿಂದ ಓಡಿಸಿಲ್ಲ.

ಕುರ್ಚಿಗೆ ಸಂಖ್ಯೆ ಇಲ್ಲದಿದ್ದರೆ ಅಲ್ಪಸಂಖ್ಯಾತರಿಗೆ ಒಂದು ಸಣ್ಣ ಉಪಾಯ ಉಳಿಯುತ್ತದೆ. ಹನ್ನೆರಡು ಜನ ಆರು ಜಾಗಕ್ಕೆ ಒಟ್ಟಿಗೇ ನಿಂತಾಗ ಮೂವತ್ತು ಜನ ತಮ್ಮ ಮಿಕ್ಕ ಐದು ಓಟು ಹಾಕದೆ, ಎಲ್ಲರೂ ಒಬ್ಬನಿಗೇ ಒಂದೊಂದು ಹಾಕಿದರೆ, ಉಳಿದವರ ಓಟು ಹಂಚಿಹೋಗಿ ಆ ಒಬ್ಬ ಮೇಲೆ ಬರಬಹುದು. ಸಂಖ್ಯೆ ಕೊಟ್ಟ ಕೂಡಲೇ ಈ ಬಾಗಿಲೂ ಮುಚ್ಚುತ್ತದೆ. ನಮ್ಮ ಪುಣೆಯ ಅ, ಬ, ಕ, ಡ ಕೂಡ ಇದೇ ಜಾತಿಯದು. ನಮ್ಮಲ್ಲಿ ಪ್ರಭಾಗ ಚಿಕ್ಕದು, ನಾಲ್ಕರಲ್ಲಿ ಕೆಲವು ಜಾಗ ಮೀಸಲು ಇರುತ್ತವೆ, ಹಾಗಾಗಿ ಪೆಟ್ಟು ಅಷ್ಟಾಗಿ ಕಾಣುವುದಿಲ್ಲ.

ಈ ಪದ್ಧತಿಯನ್ನು ತಂದವರು ಖಳನಾಯಕರಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಅಮೆರಿಕದ ದೊಡ್ಡ ನಗರಗಳಲ್ಲಿ ವಾರ್ಡ್ ಪುಢಾರಿಗಳ ಹಾವಳಿ ಇತ್ತು. ಕೆಲಸ, ಗುತ್ತಿಗೆ, ಓಟು ಎಲ್ಲವೂ ಅವರ ಕೈಯಲ್ಲಿ. 1900ರ ಚಂಡಮಾರುತದಲ್ಲಿ ಟೆಕ್ಸಸ್‌ನ ಗ್ಯಾಲ್ವೆಸ್ಟನ್ ನಗರ ಕೊಚ್ಚಿಹೋದಾಗ ಅದನ್ನು ಮತ್ತೆ ಕಟ್ಟಲು ಒಂದು ಚಿಕ್ಕ ಆಯೋಗಕ್ಕೆ ಆಡಳಿತ ಕೊಟ್ಟರು. ಆ ಮಾದರಿ ಬೇಗ ಹಬ್ಬಿತು. ಇಡೀ ನಗರ ಆರಿಸಿದ ಸದಸ್ಯ ಇಡೀ ನಗರದ ಹಿತ ನೋಡುತ್ತಾನೆ ಎಂಬುದು ಸುಧಾರಕರ ನಂಬಿಕೆ. ಕ್ಯಾಲಿಫೋರ್ನಿಯಾದ ಬಹುತೇಕ ಊರುಗಳು ಇದನ್ನೇ ಒಪ್ಪಿಕೊಂಡವು. ಪುಢಾರಿಗಳೇನೋ ಹೋದರು, ಅವರ ಜೊತೆಗೆ ಬಡವರ ಮತ್ತು ಹೊರಗಿನಿಂದ ಬಂದವರ ಕೇರಿಗಳಿಗೆ ಇದ್ದ ಒಬ್ಬ ಪ್ರತಿನಿಧಿಯೂ ಹೋದ.

1951 ಎಂಬ ಇಸವಿ ನನ್ನನ್ನು ಸ್ವಲ್ಪ ಕಾಡಿತು. ಭಾರತದಿಂದ ಹೋದವರಿಗೆ ಅಮೆರಿಕದ ಪೌರತ್ವ ಇಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1923ರಲ್ಲಿ ಭಗತ್ ಸಿಂಗ್ ಥಿಂಡ್ ಪ್ರಕರಣದಲ್ಲಿ ತೀರ್ಪು ಕೊಟ್ಟಿತ್ತು. ಆ ಬಾಗಿಲು ತೆರೆದದ್ದು 1946ರಲ್ಲಿ. ಚೀನಾದವರಿಗೆ 1943ರಲ್ಲಿ. ಜಪಾನಿನಿಂದ ಬಂದವರಿಗೆ, ಕೊರಿಯಾದವರಿಗೆ 1952ರಲ್ಲಿ. ಅಂದರೆ ಸಾಂತಾ ಕ್ಲಾರಾ ತನ್ನ ಸನ್ನದನ್ನು ಜಾರಿಗೆ ತಂದ ವರ್ಷ, ಸುತ್ತಲಿನ ಹಣ್ಣಿನ ತೋಟಗಳಲ್ಲಿ ದುಡಿದು ಮುದುಕರಾದ ಜಪಾನಿ ವಲಸಿಗರು ಕಾನೂನಿನ ಪ್ರಕಾರ ಪೌರರಾಗುವಂತೆಯೇ ಇರಲಿಲ್ಲ. ಅದಕ್ಕೂ ಒಂಬತ್ತು ವರ್ಷ ಹಿಂದೆ, 1942ರಲ್ಲಿ, ಯುದ್ಧದ ಹೆಸರಿನಲ್ಲಿ ಪಶ್ಚಿಮ ಕರಾವಳಿಯ ಜಪಾನಿ ಮೂಲದವರನ್ನು ಮನೆ ಬಿಡಿಸಿ ಶಿಬಿರಗಳಿಗೆ ಒಯ್ದಿದ್ದರು. ಸನ್ನದು ಬರೆದವರ ಮನಸ್ಸಿನಲ್ಲಿ ಇದೆಲ್ಲ ಇತ್ತು ಎಂದು ನಾನು ಹೇಳುವುದಿಲ್ಲ. ಆಟದ ನಿಯಮ ಬರೆಯುವಾಗ ಯಾರು ಅಂಗಳದಲ್ಲಿ ಇರಲಿಲ್ಲ ಎಂದಷ್ಟೇ ಹೇಳುತ್ತಿದ್ದೇನೆ.

ಅಮೆರಿಕದ ಮತದಾನ ಹಕ್ಕಿನ ಕೇಂದ್ರ ಕಾನೂನು ಬಂದದ್ದು 1965ರ ಆಗಸ್ಟ್ 6ರಂದು. ಆ ವರ್ಷ ಮಾರ್ಚ್ 7ರಂದು ಅಲಬಾಮಾ ರಾಜ್ಯದ ಸೆಲ್ಮಾದಲ್ಲಿ ಸೇತುವೆಯ ಮೇಲೆ ಮೆರವಣಿಗೆ ಹೊರಟ ಕಪ್ಪು ಜನರನ್ನು ಪೊಲೀಸರು ಹೊಡೆದು ಕೆಡವಿದ ದೃಶ್ಯ ಟಿವಿಯಲ್ಲಿ ದೇಶವೆಲ್ಲ ನೋಡಿತ್ತು. (ಅದೇ ವರ್ಷ ಅಕ್ಟೋಬರ್‌ನಲ್ಲಿ ಹೊಸ ವಲಸೆ ಕಾನೂನೂ ಬಂತು. ನಮ್ಮ ಮನೆಮನೆಯ ಮಕ್ಕಳು ಇವತ್ತು ಅಲ್ಲಿರುವುದು ಅದರ ದೆಸೆಯಿಂದ.) ಮತದಾನದ ಹಕ್ಕು ಸಿಕ್ಕಿದ ಮೇಲೆ ಹಕ್ಕನ್ನು ತೆಳ್ಳಗೆ ಮಾಡುವ ಉಪಾಯಗಳು ಹುಟ್ಟಿದವು, ಅದರಲ್ಲಿ ಮುಖ್ಯವಾದದ್ದು ಅಟ್-ಲಾರ್ಜ್. 1980ರಲ್ಲಿ ಮೊಬೈಲ್ ನಗರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಕೆಟ್ಟ ಉದ್ದೇಶ ಇತ್ತೆಂದು ಸಾಬೀತು ಮಾಡಿ ಎಂದಿತು. ಸತ್ತುಹೋದ ಸದಸ್ಯರ ಮನಸ್ಸಿನೊಳಗೆ ಏನಿತ್ತು ಎಂದು ಯಾರು ಸಾಬೀತು ಮಾಡಬಲ್ಲರು? 1982ರಲ್ಲಿ ಸಂಸತ್ತು ಕಾನೂನು ತಿದ್ದಿ, ಉದ್ದೇಶ ಬೇಡ, ಪರಿಣಾಮ ತೋರಿಸಿದರೆ ಸಾಕು ಎಂದಿತು. ಆದರೆ 1986ರಲ್ಲಿ ಕೋರ್ಟ್ ಮತ್ತೊಂದು ಷರತ್ತು ಹಾಕಿತು. ದೂರು ಕೊಡುವ ಸಮುದಾಯ ಒಂದೇ ಕಡೆ ಒತ್ತಾಗಿ ನೆಲೆಸಿರಬೇಕು, ಒಂದು ವಾರ್ಡ್ ಬರೆದರೆ ಅದರಲ್ಲಿ ಬಹುಮತವಾಗುವಷ್ಟು ಇರಬೇಕು.

ಇಲ್ಲಿಗೆ ಬಂದು ನಿಂತರು ಹೋಕಿನ್ ಅವಿಲಾ. ಮೆಕ್ಸಿಕನ್ ಮೂಲದ ವಕೀಲರು. ವಾಟ್ಸನ್‌ವಿಲ್ ಎಂಬ ಸ್ಟ್ರಾಬೆರಿ ಊರಿನ ಲ್ಯಾಟಿನೋ ಕೂಲಿಕಾರರ ಪರವಾಗಿ ಹೋರಾಡಿ 1988ರಲ್ಲಿ ಫೆಡರಲ್ ಕೋರ್ಟಿನಲ್ಲಿ ಗೆದ್ದಿದ್ದರು. ಗೆಲುವಿಗೆ ಹಿಡಿದ ವರ್ಷಗಳು, ಖರ್ಚು, ಅರ್ಧದಾರಿಯಲ್ಲಿ ಬಿದ್ದುಹೋದ ಇತರ ಪ್ರಕರಣಗಳು ಅವರಿಗೆ ಗೊತ್ತಿದ್ದವು. ಕೇಂದ್ರದ ಕಾನೂನು ಇಕ್ಕಟ್ಟಾದರೆ ರಾಜ್ಯದಲ್ಲೇ ಒಂದು ಮಾಡೋಣ ಎಂದು ಕರಡು ತಯಾರಿಸುವುದರಲ್ಲಿ ಮುಂದಾದರು. ರಾಜ್ಯದ ಸೆನೆಟರ್ ರಿಚರ್ಡ್ ಪೊಲಾಂಕೊ ಮಸೂದೆ ಮಂಡಿಸಿದರು, 2002ರ ಜುಲೈನಲ್ಲಿ ಗವರ್ನರ್ ಗ್ರೇ ಡೇವಿಸ್ ಸಹಿ ಹಾಕಿದರು, 2003ರ ಜನವರಿಯಿಂದ ಜಾರಿ. ಹೆಸರು ಮಾತ್ರ 2001ರ ಕ್ಯಾಲಿಫೋರ್ನಿಯಾ ಮತದಾನ ಹಕ್ಕು ಕಾಯಿದೆ. ಸ್ಥಳೀಯ ಚುನಾವಣೆಗಳ ಅಟ್-ಲಾರ್ಜ್ ಪದ್ಧತಿಗೆ ಮಾತ್ರ ಇದು ಅನ್ವಯ: ನಗರ ಸಭೆ, ಶಾಲಾ ಮಂಡಳಿ, ಇಂಥವು.

ಅದರಲ್ಲಿ ಜಾಣತನದ ಅಂಶಗಳು ಮೂರು ಎನ್ನಬಹುದು. ಉದ್ದೇಶ ಸಾಬೀತು ಮಾಡಬೇಕಿಲ್ಲ. ಸಮುದಾಯ ಒಂದೇ ಕಡೆ ಒತ್ತಾಗಿ ಇಲ್ಲ ಎಂಬ ಕಾರಣಕ್ಕೆ ದೂರು ಬಿದ್ದುಹೋಗುವುದಿಲ್ಲ. ಗೆದ್ದರೆ ವಕೀಲರ ಖರ್ಚನ್ನು ನಗರ ಕೊಡಬೇಕು. ಕೊನೆಯದು ಸಣ್ಣದಾಗಿ ಕಂಡರೂ ಕಾನೂನಿಗೆ ಹಲ್ಲು ಬಂದದ್ದು ಅದರಿಂದ. ಮೊದಲ ದೊಡ್ಡ ಪ್ರಕರಣ ಮೊಡೆಸ್ಟೊ ನಗರದ್ದು. ಕಾನೂನೇ ಸಂವಿಧಾನಬಾಹಿರ ಎಂದು ನಗರ ವಾದಿಸಿತು, ಕೆಳಗಿನ ಕೋರ್ಟ್ ಒಪ್ಪಿತು, 2006ರಲ್ಲಿ ಮೇಲ್ಮನವಿ ಕೋರ್ಟ್ ಅದನ್ನು ತಳ್ಳಿಹಾಕಿತು. ಕೊನೆಗೆ ರಾಜಿಯಾದಾಗ ಎದುರು ಪಕ್ಷದ ವಕೀಲರಿಗೇ ನಗರ ತೆತ್ತದ್ದು ಸುಮಾರು 30 ಲಕ್ಷ ಡಾಲರ್. ಸುದ್ದಿ ಬೇರೆ ಊರುಗಳಿಗೆ ಬೇಗ ಮುಟ್ಟಿತು.

ಸಾಂತಾ ಕ್ಲಾರಾಕ್ಕೆ ಮರಳೋಣ. 2017ರ ಕೊನೆಗೆ ಅಲ್ಲಿನ ಕೆಲವು ಏಷ್ಯನ್ ಮೂಲದ ನಿವಾಸಿಗಳು ನಗರದ ಮೇಲೆ ದಾವೆ ಹೂಡಿದರು. ಯುಮೋರಿ-ಕಾಕು ವಿರುದ್ಧ ಸಾಂತಾ ಕ್ಲಾರಾ ನಗರ ಎಂದು ಪ್ರಕರಣದ ಹೆಸರು. ಓಟು ಹಾಕುವ ವಯಸ್ಸಿನ ನಾಗರಿಕರಲ್ಲಿ ಏಷ್ಯನ್ನರು ಸುಮಾರು ಶೇ. 30. 1951ರಿಂದ ಅಲ್ಲಿಯವರೆಗೆ ನಗರ ಸಭೆಗೆ ಆರಿಸಿ ಬಂದ ಏಷ್ಯನ್ ಅಮೆರಿಕನ್ನರು ಒಬ್ಬರೂ ಇಲ್ಲ.

ಆದರೆ ಕಾನೂನಿಗೆ ಸೊನ್ನೆ ಸಾಲದು. ಜನಾಂಗದ ಗೆರೆಯ ಮೇಲೆ ಓಟು ಒಡೆದಿದೆ ಎಂದು ತೋರಿಸಬೇಕು. ಏಷ್ಯನ್ನರು ಬಯಸಿದ ಅಭ್ಯರ್ಥಿ ಒಬ್ಬ, ಉಳಿದವರು ಬಯಸಿದ್ದು ಇನ್ನೊಬ್ಬ ಎಂದು. ಮತ ಗುಪ್ತ. ಯಾರು ಯಾರಿಗೆ ಹಾಕಿದರು ಎಂದು ತಿಳಿಯುವುದು ಹೇಗೆ? ಎಂ.ಟೆಕ್‌ನಲ್ಲಿ ಸಂಖ್ಯಾಶಾಸ್ತ್ರ ಓದಿದವಳಿಗೆ ನಿದ್ದೆಗೆಡಿಸಿದ್ದು ಈ ಪ್ರಶ್ನೆ, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಬೇಸರವಾದವರು ಎರಡು ಪ್ಯಾರಾ ಹಾರಿ ಓದಬಹುದು.

ಕೈಯಲ್ಲಿರುವುದು ಎರಡು ಪಟ್ಟಿ. ಪ್ರತಿ ಮತಗಟ್ಟೆಯಲ್ಲಿ ಯಾರಿಗೆ ಎಷ್ಟು ಓಟು ಬಿತ್ತು ಎಂಬುದು ಒಂದು. ಮತದಾರರ ಪಟ್ಟಿಯ ಅಡ್ಡಹೆಸರು ನೋಡಿ, ಆ ಮತಗಟ್ಟೆಯಲ್ಲಿ ಏಷ್ಯನ್ನರು ಅಂದಾಜು ಎಷ್ಟು ಎಂಬುದು ಇನ್ನೊಂದು. ಒಂದು ಮತಗಟ್ಟೆಯಲ್ಲಿ ನೂರು ಜನ ಓಟು ಹಾಕಿದ್ದಾರೆ, 60 ಜನ ಏಷ್ಯನ್ನರು, ಒಬ್ಬ ಅಭ್ಯರ್ಥಿಗೆ 80 ಓಟು ಬಂದಿದೆ ಎನ್ನಿ. ಉಳಿದ 40 ಜನರೂ ಅವನಿಗೇ ಹಾಕಿದರು ಎಂದರೂ, ಏಷ್ಯನ್ನರಲ್ಲಿ ಕನಿಷ್ಠ 40 ಜನ ಅವನಿಗೆ ಹಾಕಿರಲೇಬೇಕು. ಅಂದರೆ ಮೂರರಲ್ಲಿ ಎರಡು ಪಾಲು. ಮನೆಗೆಲಸದ ಲೆಕ್ಕದಷ್ಟು ಸರಳ. ಹೀಗೆ ಎಲ್ಲ ಮತಗಟ್ಟೆಗಳ ಕನಿಷ್ಠ, ಗರಿಷ್ಠಗಳನ್ನು ಒಟ್ಟಿಗೆ ಇಟ್ಟು ಇಡೀ ನಗರದ ಒಲವನ್ನು ಅಂದಾಜು ಮಾಡುವ ವಿಧಾನಕ್ಕೆ ಇಕಾಲಾಜಿಕಲ್ ಇನ್‌ಫರೆನ್ಸ್ ಎನ್ನುತ್ತಾರೆ. 1950ರ ದಶಕದಲ್ಲಿ ಶುರುವಾದ ಕೆಲಸವನ್ನು 1997ರಲ್ಲಿ ಗ್ಯಾರಿ ಕಿಂಗ್ ಎಂಬ ರಾಜಕೀಯ ವಿಜ್ಞಾನಿ ಬೆಳೆಸಿದರು.

ಇದರಲ್ಲಿ ಗುಂಡಿಗಳೂ ಇವೆ. 1950ರಲ್ಲೇ ರಾಬಿನ್ಸನ್ ಎಂಬ ಸಮಾಜಶಾಸ್ತ್ರಜ್ಞ ಎಚ್ಚರಿಸಿದ್ದರು. ಅಮೆರಿಕದಲ್ಲಿ ವಲಸಿಗರು ಹೆಚ್ಚಿದ್ದ ರಾಜ್ಯಗಳಲ್ಲಿ ಸಾಕ್ಷರತೆ ಹೆಚ್ಚಿತ್ತು, ಆದರೆ ವಲಸಿಗರಲ್ಲೇ ಸಾಕ್ಷರತೆ ಕಡಿಮೆ. ಗುಂಪಿನ ಸಂಖ್ಯೆಯಿಂದ ವ್ಯಕ್ತಿಯ ಬಗ್ಗೆ ತೀರ್ಮಾನಿಸಿದರೆ ಹೀಗೆ ತಲೆಕೆಳಗಾಗುತ್ತದೆ. ಅಡ್ಡಹೆಸರಿನದು ಇನ್ನೊಂದು ತಮಾಷೆ. ಲೀ ಎಂದರೆ ಕೊರಿಯನ್ನೋ, ಚೀನಿಯೋ, ಅಮೆರಿಕದ ದಕ್ಷಿಣದ ಬಿಳಿಯನೋ? ಗಿಲ್ ಪಂಜಾಬಿಗಳಲ್ಲೂ ಇದ್ದಾರೆ, ಇಂಗ್ಲಿಷರಲ್ಲೂ ಇದ್ದಾರೆ. ನಮ್ಮ ಮಂಗಳೂರಿನ ಫರ್ನಾಂಡಿಸ್ ಮನೆಯವರನ್ನು ಆ ಪಟ್ಟಿ ಯಾರ ಜೊತೆ ಕೂರಿಸುತ್ತದೋ! ಮತ್ತೆ, ಭಾರತೀಯರು, ಚೀನಿಯರು, ವಿಯೆಟ್ನಾಮಿನವರು, ಫಿಲಿಪಿನೋಗಳು ಎಲ್ಲರನ್ನೂ ಏಷ್ಯನ್ ಎಂಬ ಒಂದೇ ಡಬ್ಬಿಗೆ ಹಾಕಿದರೆ ಅವರೆಲ್ಲ ಒಂದೇ ಮನಸ್ಸಿನಿಂದ ಓಟು ಹಾಕುತ್ತಾರೆಯೇ? ನಗರದ ವಕೀಲರು ಹೀಗೆಲ್ಲ ಪಟ್ಟುಹಿಡಿದರೆ ಅದರಲ್ಲಿ ತಪ್ಪೇನೂ ಇಲ್ಲ. ನನ್ನ ಕೋಡ್ ರಿವ್ಯೂಗೆ ಇಂಥ ಲೆಕ್ಕ ಬಂದಿದ್ದರೆ ನಾನೂ ಕೇಳುತ್ತಿದ್ದೆ.

ನ್ಯಾಯಾಧೀಶರು ಹತ್ತು ಚುನಾವಣೆಗಳ ಅಂಕಿಗಳನ್ನು ಪರಿಶೀಲಿಸಿ, ಐದರಲ್ಲಿ ಜನಾಂಗದ ಗೆರೆ ಸ್ಪಷ್ಟವಾಗಿ ಕಾಣುತ್ತದೆ ಎಂದರು. ಹತ್ತರಲ್ಲಿ ಐದು ಎಂದರೆ ಅರ್ಧ, ಅರ್ಧಕ್ಕಿಂತ ಹೆಚ್ಚಿಲ್ಲವಲ್ಲ ಎಂದು ನಗರ ಮೇಲ್ಮನವಿ ಹೋಯಿತು. 2020ರ ಡಿಸೆಂಬರ್ 30ರಂದು ಮೇಲ್ಮನವಿ ಕೋರ್ಟ್, ಇದು ಅಂಕಗಣಿತದ ಪಾಸು-ನಪಾಸು ಅಲ್ಲ, ಒಟ್ಟು ಚಿತ್ರ ನೋಡಬೇಕು ಎಂದು ತೀರ್ಪನ್ನು ಎತ್ತಿಹಿಡಿಯಿತು. ನನಗೆ ಇದು ಸರಿ ಅನ್ನಿಸುತ್ತದೆ. ಏಷ್ಯನ್ನರು ಗೆಲ್ಲುವ ಆಸೆಯೇ ಬಿಟ್ಟು ನಿಲ್ಲದೆ ಹೋದ ಚುನಾವಣೆಗಳು ಯಾವ ಲೆಕ್ಕಕ್ಕೂ ಸಿಗುವುದಿಲ್ಲ.

ನಡುವೆ 2018ರ ಜೂನ್‌ನಲ್ಲಿ ನಗರವೇ ಒಂದು ಪರ್ಯಾಯವನ್ನು ಮತದಾರರ ಮುಂದಿಟ್ಟಿತ್ತು. ನಗರವನ್ನು ಎರಡು ಭಾಗ ಮಾಡಿ, ಪ್ರತಿ ಭಾಗಕ್ಕೆ ಮೂವರು, ಮತದಾರರು ಅಭ್ಯರ್ಥಿಗಳನ್ನು ಒಂದು, ಎರಡು, ಮೂರು ಎಂದು ಕ್ರಮದಲ್ಲಿ ಬರೆಯುವುದು. ಜನ ತಿರಸ್ಕರಿಸಿದರು. ಚದುರಿದ ಸಮುದಾಯಕ್ಕೆ ವಾರ್ಡಿಗಿಂತ ಈ ಪದ್ಧತಿಯೇ ಮೇಲು ಎಂದು ನನ್ನ ಅನಿಸಿಕೆ, ಆದರೆ ಕೇಳುವವರು ಯಾರು! ಜುಲೈನಲ್ಲಿ ಕೋರ್ಟೇ ಆರು ಕ್ಷೇತ್ರಗಳನ್ನು ಮಾಡಿ ಎಂದು ಆದೇಶಿಸಿತು. ನವೆಂಬರ್‌ನಲ್ಲಿ ಎರಡು ಕ್ಷೇತ್ರಗಳಿಗೆ ಚುನಾವಣೆ. ಎರಡನೇ ಕ್ಷೇತ್ರದಲ್ಲಿ ಭಾರತೀಯ ಮೂಲದ ರಾಜ್ ಚಾಹಲ್ ಗೆದ್ದರು. ನಗರ ಸಭೆಗೆ ಆರಿಸಿ ಬಂದ ಮೊದಲ ಏಷ್ಯನ್ ಅಮೆರಿಕನ್. ಸನ್ನದಿಗೆ ಆಗ 67 ವರ್ಷ. ಅಕ್ಕನ ಮನೆ ಇದ್ದದ್ದು ಆ ಕ್ಷೇತ್ರದಲ್ಲೇ. ಇಡೀ ನಗರ ಸುತ್ತಬೇಕಾದಾಗ ಅಭ್ಯರ್ಥಿಗೆ ದುಡ್ಡು ಬೇಕು, ಅಂಚೆ ಕರಪತ್ರ ಬೇಕು; ಆರನೇ ಒಂದು ಪಾಲು ಸುತ್ತಲು ಎರಡು ಕಾಲು ಸಾಕು. ಬಾಗಿಲು ಬಡಿದ ರಹಸ್ಯ ಇಷ್ಟೇ.

ಈ ಕಾನೂನಿಗೆ ಎಲ್ಲರೂ ಹೂಮಾಲೆ ಹಾಕಿಲ್ಲ. ಸಾಂತಾ ಕ್ಲಾರಾ ಎದುರು ಪಕ್ಷದ ವಕೀಲರಿಗೆ ಕೊಡಬೇಕಾಗಿ ಬಂದ ಹಣವೂ 30 ಲಕ್ಷ ಡಾಲರ್ ದಾಟಿತು. ಗ್ರಂಥಾಲಯಕ್ಕೋ ರಸ್ತೆಗೋ ಹೋಗಬೇಕಿದ್ದ ದುಡ್ಡು ಎಂದು ಗೊಣಗುವವರಿದ್ದಾರೆ. ವಕೀಲರ ಒಂದು ನೋಟಿಸ್ ಬಂದ ಕೂಡಲೇ ಹೆದರಿ ವಾರ್ಡು ಮಾಡಿಕೊಂಡ ಊರುಗಳು ಬಹಳ. ನೂರಕ್ಕೂ ಹೆಚ್ಚು ನಗರಗಳು ಹೀಗೆ ಬದಲಾದವು. 2016ರಲ್ಲಿ ಶಾಸನ ಸಭೆ, ಮೊಕದ್ದಮೆಗೆ ಮುಂಚೆಯೇ ಬದಲಾಗಲು ಒಪ್ಪಿದ ನಗರ ಕೊಡಬೇಕಾದ ಖರ್ಚಿಗೆ 30,000 ಡಾಲರ್ ಮಿತಿ ಹಾಕಿತು. ಸಾಂತಾ ಮೋನಿಕಾ ಎಂಬ ಸಮುದ್ರ ತೀರದ ಶ್ರೀಮಂತ ನಗರ ಮಾತ್ರ ಪಟ್ಟು ಬಿಡದೆ ರಾಜ್ಯದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2023ರ ಆಗಸ್ಟ್‌ನಲ್ಲಿ ಬಂದ ತೀರ್ಪು ಎರಡೂ ಕಡೆಗೆ ಸ್ವಲ್ಪ ಸ್ವಲ್ಪ ಕೊಟ್ಟಿತು. ವಾರ್ಡಿನಲ್ಲಿ ಬಹುಮತ ಬರುವಷ್ಟು ಜನ ಇರಲೇಬೇಕೆಂದಿಲ್ಲ. ಆದರೆ ಬೇರೆ ಯಾವುದಾದರೂ ನ್ಯಾಯಬದ್ಧ ಪದ್ಧತಿಯಲ್ಲಿ, ಇತರರ ಸ್ವಲ್ಪ ಬೆಂಬಲವೂ ಸೇರಿ, ತಮ್ಮ ಅಭ್ಯರ್ಥಿ ಗೆಲ್ಲುವ ಸಾಧ್ಯತೆ ಇತ್ತು ಎಂದು ತೋರಿಸಬೇಕು.

2013ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕೇಂದ್ರ ಕಾನೂನಿನ ಒಂದು ಮುಖ್ಯ ಭಾಗವನ್ನು 5-4ರಲ್ಲಿ ಕೈಬಿಟ್ಟ ಮೇಲೆ ಬೇರೆ ರಾಜ್ಯಗಳೂ ಕ್ಯಾಲಿಫೋರ್ನಿಯಾದ ದಾರಿ ಹಿಡಿದವು. ವಾಷಿಂಗ್ಟನ್ 2018ರಲ್ಲಿ, ವರ್ಜೀನಿಯಾ 2021ರಲ್ಲಿ, ನ್ಯೂಯಾರ್ಕ್ 2022ರಲ್ಲಿ. ನ್ಯೂಯಾರ್ಕಿನ ಕಾನೂನಿಗೆ, ಸೆಲ್ಮಾದ ಸೇತುವೆಯ ಮೇಲೆ 25ನೇ ವಯಸ್ಸಿನಲ್ಲಿ ತಲೆಗೆ ಪೆಟ್ಟು ತಿಂದ ಜಾನ್ ಲೂಯಿಸ್ ಅವರ ಹೆಸರಿಟ್ಟರು.

ಮಹಿಳಾ ವೇದಿಕೆಯಲ್ಲಿ ಇದನ್ನು ಓದುವವರು ಒಂದು ಪ್ರಶ್ನೆ ಕೇಳಿಯೇ ಕೇಳುತ್ತೀರಿ: ಹೆಂಗಸರಿಗೇನು? ಈ ಕಾನೂನಿನ ರಕ್ಷಣೆ ಜನಾಂಗ, ಬಣ್ಣ, ಭಾಷಾ ಅಲ್ಪಸಂಖ್ಯಾತ ಸಮುದಾಯಗಳಿಗೆ, ಹೆಂಗಸರಿಗಲ್ಲ. ಇದ್ದರೂ ಪ್ರಯೋಜನವಿರುತ್ತಿರಲಿಲ್ಲ. ನಾವು ಪ್ರತಿ ಬೀದಿಯಲ್ಲೂ, ಪ್ರತಿ ಮನೆಯಲ್ಲೂ ಅರ್ಧ ಅರ್ಧ. ಎಷ್ಟು ಸೂಕ್ಷ್ಮವಾಗಿ ನಕ್ಷೆ ಬರೆದರೂ ಹೆಂಗಸರ ವಾರ್ಡ್ ಒಂದನ್ನು ಬರೆಯಲಾಗದು. ಅದಕ್ಕೆ ನಮ್ಮ ದೇಶ ಬೇರೆ ದಾರಿ ಹಿಡಿಯಿತು. ಕರ್ನಾಟಕ ತನ್ನ 1983ರ ಪಂಚಾಯತ್ ಕಾಯಿದೆಯ ಕೆಳಗೆ 1987ರ ಚುನಾವಣೆಯಲ್ಲೇ ಮಹಿಳೆಯರಿಗೆ ಶೇ. 25 ಸ್ಥಾನ ಮೀಸಲಿಟ್ಟಿತ್ತು. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73 ಮತ್ತು 74ನೇ ತಿದ್ದುಪಡಿಗಳು ಕನಿಷ್ಠ ಮೂರನೇ ಒಂದನ್ನು ದೇಶಕ್ಕೆಲ್ಲ ತಂದವು. ಮಹಾರಾಷ್ಟ್ರದ ಪಾಲಿಕೆಗಳಲ್ಲಿ ಈಗ ಅರ್ಧ. ನಾವು ಕುರ್ಚಿಯನ್ನು ಮೀಸಲಿಡುತ್ತೇವೆ, ಕ್ಯಾಲಿಫೋರ್ನಿಯಾ ಕುರ್ಚಿಯ ಸುತ್ತ ಗೆರೆ ಬದಲಾಯಿಸುತ್ತದೆ. ಅಲ್ಲಿ ಗೆಲ್ಲುವವರು ಏಷ್ಯನ್ನರೇ ಆಗಿರಬೇಕೆಂದಿಲ್ಲ, ಏಷ್ಯನ್ ಮತದಾರರು ಬಯಸಿದವರು ಗೆಲ್ಲುವಂತಿದ್ದರೆ ಆಯಿತು.

ಪುಣೆಯಲ್ಲಿ ಕನ್ನಡಿಗರಾದ ನಾವು ಚದುರಿದವರೇ. ಮೂರು ತಲೆಮಾರಿನಿಂದ ಇಲ್ಲಿರುವವರೂ ಇದ್ದಾರೆ, ನನ್ನಂತೆ ಐಟಿ ಹಿಡಿದು ಬಂದವರೂ ಇದ್ದಾರೆ. ನಮಗೆ ಪ್ರತ್ಯೇಕ ವಾರ್ಡ್ ಬೇಕೆಂದು ನಾನು ಹೇಳುತ್ತಿಲ್ಲ. ನಮಗೆ ಬೇಕಾದ ನೀರು, ಕಸ, ರಸ್ತೆ ಮರಾಠಿ ನೆರೆಮನೆಯವರಿಗೆ ಬೇಕಾದದ್ದೇ.

2020ರ ನವೆಂಬರ್‌ನಲ್ಲಿ ಸಾಂತಾ ಕ್ಲಾರಾದ ಉಳಿದ ನಾಲ್ಕು ಕ್ಷೇತ್ರಗಳಿಗೂ ಚುನಾವಣೆ ನಡೆದು ಕೆವಿನ್ ಪಾರ್ಕ್, ಸುಧಾಂಶು ಜೈನ್ ಗೆದ್ದರು. ಚಾಹಲ್ ಸೇರಿ ಆರರಲ್ಲಿ ಮೂವರು ಏಷ್ಯನ್ನರು. ಅಕ್ಕ ವಾಟ್ಸಾಪ್‌ನಲ್ಲಿ ಮೂರೂ ಹೆಸರು ಬರೆದು ಕಳಿಸಿದರು. ಕೆಳಗೆ ಒಂದು ಸಾಲು: "ಈಗ ನೀ ಹೇಳವಾ, ನಿಮ್ಮ ಪ್ರಭಾಗದಾಗ ಆರಿಸಿ ಬಂದ ನಾಲ್ಕು ಮಂದಿ ಯಾರು?"

ಎರಡು ಹೆಸರು ಬರೆದೆ. ಮೂರನೆಯದಕ್ಕೆ ಗೇಟಿನ ವಾಚ್‌ಮನ್ ಕಾಕಾನನ್ನು ಕೇಳಿದೆ. ನಾಲ್ಕನೆಯದು ಅವನಿಗೂ ಗೊತ್ತಿರಲಿಲ್ಲ.